ಮೊಗೇರಿಯ ಕವಿ ಅಡಿಗರು ಮತ್ತು ಭೂಮಿಯ ಒಡೆತನ

ಕುಂದಾಪುರ ಸೀಮೆಯು ಕನ್ನಡ ನಾಡಿಗೆ ಇತ್ತ ಕವಿಗಳಲ್ಲಿ ಎಂ. ಗೋಪಾಲಕೃಷ್ಣ ಅಡಿಗರು ಅಗ್ರಗಣ್ಯರು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಅವರ ಬಾಳಿನ ಫಲವತ್ತಾದ ಒಂದು ದಶಕ ಕಥೋಲಿಕ ವಿದ್ಯಾಸಂಸ್ಥೆಯಲ್ಲಿ ಕಳೆಯಿತು. ಅವರ ಕಾವ್ಯ ಎತ್ತಿದ ಪ್ರಶ್ನೆಯೊಂದು ಕ್ರೈಸ್ತ ಕುಟುಂಬಗಳ ಮನ ಮುಟ್ಟಬೇಕಾದುದು.

ಇಂದು ಬೈಂದೂರು ತಾಲೂಕಿಗೆ ಸೇರಿರುವ ಮೊಗೇರಿಯ ವೈದಿಕ ಮನೆತನದಲ್ಲಿ 1918ರ ಫೆಬ್ರವರಿ 18ರಂದು ಅಡಿಗರು ಜನಿಸಿದರು. ಗದ್ದೆ, ಹೊಳೆ, ಕಡಲು ಮತ್ತು ಮಳೆಗಾಲದ ನಡುವೆ ಬೆಳೆದ ಬಾಲಕನ ಕಿವಿಯಲ್ಲಿ ಯಕ್ಷಗಾನದ ಲಯ ನೆಲೆನಿಂತಿತು. ಉನ್ನತ ವ್ಯಾಸಂಗಕ್ಕಾಗಿ ಮೈಸೂರು ಸೇರಿದ ಅವರು ಮುಂದೆ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. 1946ರಲ್ಲಿ ‘ಭಾವತರಂಗ’, 1948ರಲ್ಲಿ ‘ಕಟ್ಟುವೆವು ನಾವು’ ಸಂಕಲನಗಳು ಹೊರಬಂದವು. ಸ್ವಾತಂತ್ರ್ಯದ ಹುಮ್ಮಸ್ಸಿನ ದಿನಗಳವು; ಮನುಷ್ಯನು ಹೊಸ ನಾಡೊಂದನ್ನು ಕಟ್ಟಬಲ್ಲನೆಂಬ ಭರವಸೆ ತರುಣ ಕವಿಯಲ್ಲಿ ತುಂಬಿತ್ತು.

1952ರಲ್ಲಿ ಅವರು ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿ, ಹತ್ತು ವರ್ಷ ಸೇವೆ ಸಲ್ಲಿಸಿದರು. ಈ ಅವಧಿಯಲ್ಲಿಯೇ ಕನ್ನಡದ ನವ್ಯ ಕಾವ್ಯಕ್ಕೆ ದಾರಿ ತೆರೆದ ‘ಚಂಡೆಮದ್ದಳೆ’ 1954ರಲ್ಲಿಯೂ, ‘ಭೂಮಿಗೀತ’ 1959ರಲ್ಲಿಯೂ ಪ್ರಕಟವಾದವು.

‘ಭೂಮಿಗೀತ’ದ ಭೂಮಿ ಕೇವಲ ಲಾಲಿ ಹಾಡುವ ತಾಯಿಯಲ್ಲ. ಹೆತ್ತು, ಸಾಕಿ, ಮೋಹಗೊಳಿಸಿ, ಕಡೆಗೆ ಎಲ್ಲವನ್ನೂ ಮರಳಿ ನುಂಗುವವಳು ಅವಳು. ಪಶುಪಕ್ಷಿಗಳಂತೆ ಅವಳಲ್ಲಿ ಸಂಪೂರ್ಣವಾಗಿ ಒಂದಾಗಲಾರದ, ಅವಳನ್ನು ಬಿಟ್ಟು ಮೇಲೇರಲೂ ಆಗದ ಮಾನವನ ಸಂಕಟವನ್ನು ಕವಿ ಅಲ್ಲಿ ಚಿತ್ರಿಸಿದ್ದಾರೆ. ಪ್ರಕೃತಿಯನ್ನು ಗೆದ್ದೆನೆಂದು ಬೀಗುವವನು ತಾನೂ ಅದೇ ಮಣ್ಣಿನವನೆಂಬುದನ್ನು ಈ ಕಾವ್ಯದ ಮುಂದೆ ಮರೆಯಲಾಗದು. ಇದರಲ್ಲಿ ಸಾಂತ್ವನ ಕಡಿಮೆ, ಎಚ್ಚರ ಹೆಚ್ಚು.

ಈ ಎಚ್ಚರ ನಮಗೆ ಹೊಸತಲ್ಲ. ಭೂಮಿ ದೇವರದು, ನಾವು ಅದರಲ್ಲಿ ಪ್ರವಾಸಿಗಳು ಎಂಬುದು ಯಾಜಕಕಾಂಡದ ಬೋಧನೆ. ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ತೋಟವನ್ನು ಒಪ್ಪಿಸಿದ್ದು ವ್ಯವಸಾಯ ಮಾಡಿ ಕಾಯುವುದಕ್ಕಾಗಿ. ಅಸ್ಸಿಸಿಯ ಸಂತ ಫ್ರಾನ್ಸಿಸರು ಸುಮಾರು 1225ರಲ್ಲಿ ರಚಿಸಿದ ಸೃಷ್ಟಿಗೀತೆಯಲ್ಲಿ ಭೂಮಿಯು ಸೋದರಿಯೂ ಹೌದು, ತಾಯಿಯೂ ಹೌದು. ಆ ಗೀತೆಯ ನುಡಿಯನ್ನೇ ಹೆಸರಾಗಿಸಿ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರವನ್ನು ಹೊರಡಿಸಿದರು. ಸಂತರಿಗೆ ದೊರೆತ ನೆಮ್ಮದಿ ಅಡಿಗರ ಕಾವ್ಯದಲ್ಲಿಲ್ಲ. ಆದರೆ ಮಾನವನ ಒಡೆತನದ ಅಹಂಕಾರವನ್ನು ಇಬ್ಬರೂ ಮುರಿಯುತ್ತಾರೆ.

ಅಡಿಗರು 1964ರಿಂದ ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಲ್ಲಿ, 1968ರಿಂದ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. ‘ಸಾಕ್ಷಿ’ ಪತ್ರಿಕೆಯನ್ನು ನಡೆಸಿ ಹೊಸ ಬರಹಗಾರರನ್ನು ಬೆಳೆಸಿದರು. ‘ವರ್ಧಮಾನ’ಕ್ಕೆ 1974ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1992ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ನಿಧನರಾದರು.

ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಕುಟುಂಬಗಳು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ತರುತ್ತವೆ. ತೆನೆ ನಮ್ಮ ದುಡಿಮೆಯ ಫಲ ಮಾತ್ರವಲ್ಲ, ದೇವರ ವರವೆಂಬ ಒಪ್ಪಿಗೆ ಅದು. ಆದರೆ ತೆನೆ ಕೊಡುವ ಗದ್ದೆಯೇ ಮಣ್ಣು ತುಂಬಿ ಮುಚ್ಚಿಹೋದರೆ, ಹೊಳೆಯ ಮರಳು ಮಿತಿಮೀರಿ ಬರಿದಾದರೆ, ನಾವು ಯಾವುದನ್ನು ಬಲಿಪೀಠದ ಬಳಿಗೆ ಒಯ್ಯೋಣ? ತಂದೆತಾಯಂದಿರು ಜಾಗದ ಕಾಗದಪತ್ರಗಳನ್ನು ಮಕ್ಕಳ ಕೈಗಿಡುವಾಗ, ಅದರೊಂದಿಗೆ ಕಾಯುವ ಹೊಣೆಯನ್ನೂ ಒಪ್ಪಿಸಲಿ.