ಗ್ಯಾಲ್ವನೋಮೀಟರ್ ಹಿಂದಿನ ಡಾಕ್ಟರ್

ಪಿಯುಸಿ ಲ್ಯಾಬ್‌ನಲ್ಲಿ ಗ್ಯಾಲ್ವನೋಮೀಟರ್ ಮುಟ್ಟದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಆ ಹೆಸರು ಬಂದಿದ್ದು ಲುಯಿಜಿ ಗ್ಯಾಲ್ವಾನಿಯಿಂದ. ಅವರು ಇಂಜಿನಿಯರ್ ಅಲ್ಲ, ಡಾಕ್ಟರ್.

ಹುಟ್ಟಿದ್ದು 1737ರಲ್ಲಿ, ಇಟಲಿಯ ಬೊಲೋನ್ಯಾದಲ್ಲಿ. ಅಲ್ಲೇ ವೈದ್ಯಕೀಯ ಓದಿ, ಅಲ್ಲೇ ಅಂಗರಚನಾಶಾಸ್ತ್ರ ಕಲಿಸಿದರು. ತಮ್ಮ ಪ್ರೊಫೆಸರ್ ಮಗಳು ಲೂಚಿಯಾರನ್ನು ಮದುವೆಯಾದರು. ಪ್ರಯೋಗಗಳಲ್ಲಿ ಆಕೆಯೂ ಜೊತೆಗಿದ್ದರು.

1780ರ ದಶಕದಲ್ಲಿ ಒಂದು ವಿಚಿತ್ರ ಕಂಡಿತು. ಸತ್ತ ಕಪ್ಪೆಯ ನರಕ್ಕೆ ಚಾಕು ತಾಗಿರುವಾಗ ಪಕ್ಕದ ಯಂತ್ರದಲ್ಲಿ ಕಿಡಿ ಹಾರಿದರೆ ಕಾಲು ಒದೆಯುತ್ತಿತ್ತು. ಆಮೇಲೆ ಯಂತ್ರವಿಲ್ಲದೆ ಎರಡು ಬೇರೆ ಲೋಹ ತಾಗಿಸಿದರೂ ಸಾಕಾಯ್ತು. ಪ್ರಾಣಿಯ ಒಳಗೇ ವಿದ್ಯುತ್ ಇದೆ ಅಂತ 1791ರಲ್ಲಿ ಪ್ರಕಟಿಸಿದರು. ಅದನ್ನು ನೋಡಲು ಲೂಚಿಯಾ ಇರಲಿಲ್ಲ, ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ ಬರುವುದು ಲೋಹಗಳಿಂದ, ಕಪ್ಪೆ ಬರೀ ಮೀಟರ್ ಇದ್ದಂತೆ ಎಂಬುದು ಅವರ ವಾದ. ಲೋಹವೇ ಇಲ್ಲದೆ, ನರವನ್ನು ಸ್ನಾಯುವಿಗೆ ತಾಗಿಸಿಯೂ ಕಾಲು ಅಲುಗುತ್ತದೆಂದು ಗ್ಯಾಲ್ವಾನಿ ತೋರಿಸಿದರು. ಆದರೆ ನೆಪೋಲಿಯನ್ ತಂದ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೆಲಸ ಕಳೆದುಕೊಂಡರು. 1798ರ ಡಿಸೆಂಬರ್ 4ರಂದು ತೀರಿಕೊಂಡರು. 1800ರಲ್ಲಿ ವೋಲ್ಟಾ ಬ್ಯಾಟರಿ ಬಂತು, ಜನ ಅವರೇ ಗೆದ್ದರು ಅಂದುಕೊಂಡರು.

ಈಗ ನೋಡಿದರೆ ಇಬ್ಬರೂ ಅರ್ಧರ್ಧ ಸರಿ. ನರದ ಸಂದೇಶ ನಿಜಕ್ಕೂ ವಿದ್ಯುತ್ತೇ. ಹಾವೇರಿ ಜಿಲ್ಲೆಯ ನಮ್ಮ ಕರ್ಜಗಿ ಕಡೆ ಹೊಲದ ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಶಾಕ್ ಹೊಡೆಸಿಕೊಂಡವರಿಗೆ ಇದು ಗೊತ್ತು: ನಾವು ಬೇಡ ಅಂದರೂ ಕೈ ಮುದುಡಿಕೊಳ್ಳುತ್ತದೆ.

ಬೆನ್ನುಹುರಿಗೆ ಪೆಟ್ಟಾದರೆ ಮಿದುಳಿನ ಮಾತು ಕಾಲಿಗೆ ಮುಟ್ಟುವುದಿಲ್ಲ. ಆದರೆ ಪೆಟ್ಟಿನ ಕೆಳಗಿನ ನರ, ಸ್ನಾಯು ಎಷ್ಟೋ ಸಲ ಚೆನ್ನಾಗೇ ಇರುತ್ತವೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸೆಕೆಂಡಿಗೆ 20ರಿಂದ 40 ಸಣ್ಣ ಪಲ್ಸ್ ಕೊಟ್ಟರೆ ತೊಡೆ ಬಿಗಿದು ಮಂಡಿ ನೇರವಾಗುತ್ತದೆ. 1961ರಲ್ಲಿ ಲಿಬರ್ಸನ್ ತಂಡ ಶೂ ಹಿಮ್ಮಡಿಯಲ್ಲಿ ಸ್ವಿಚ್ ಇಟ್ಟು, ಪಾರ್ಶ್ವವಾಯು ಆದವರ ಜೋತುಬಿದ್ದ ಪಾದವನ್ನು ಎತ್ತಿಸಿತು. 1994ರಲ್ಲಿ ಅಮೆರಿಕದಲ್ಲಿ ಪ್ಯಾರಾಸ್ಟೆಪ್‌ಗೆ ಒಪ್ಪಿಗೆ ಸಿಕ್ಕಿತು; ಎರಡೂ ಕಾಲಿನ ಸ್ವಾಧೀನ ಹೋದವರು ವಾಕರ್ ಹಿಡಿದು ಹೆಜ್ಜೆ ಇಡಲು ಅದು ನೆರವಾಗುತ್ತದೆ. ಇಂಥ ಡಬ್ಬಿಯೊಳಗೆ ಇರುವುದು ವೋಲ್ಟಾನ ಬ್ಯಾಟರಿ, ಅದು ಎಬ್ಬಿಸುವುದು ಗ್ಯಾಲ್ವಾನಿಯ ನರವನ್ನು.

ಇದು ಪವಾಡ ಅಲ್ಲ. ಸ್ನಾಯು ಬೇಗ ದಣಿಯುತ್ತದೆ, ಬ್ಯಾಲೆನ್ಸ್ ಕೈಗಳೇ ಮಾಡಬೇಕು, ಕಾಲಿನ ನರವೇ ಸತ್ತಿದ್ದರೆ ಉಪಯೋಗವಿಲ್ಲ. ದಣಿವು ಮತ್ತು ಬ್ಯಾಲೆನ್ಸ್ ಡಾಕ್ಟರುಗಳ ತಲೆನೋವು ಮಾತ್ರ ಅಲ್ಲ. ಸೆನ್ಸರ್, ಕಂಟ್ರೋಲ್ ಸಿಸ್ಟಮ್ಸ್ ಓದುವ ನಮಗೂ ಇಲ್ಲಿ ಕೆಲಸ ಬಾಕಿ ಇದೆ.