ತಿಮ್ಮಯ್ಯನವರ ಭುಜದ ಮೇಲಿನ ಗುರುತುಗಳು

ಕೊಡಗಿನ ಹಳೆಯ ಐನ್‌ಮನೆಗಳಲ್ಲಿ ಸಮವಸ್ತ್ರ ಧರಿಸಿ ನಿಂತ ಹಿರಿಯರ ಭಾವಚಿತ್ರವಿಲ್ಲದ ಗೋಡೆ ಅಪರೂಪ. ಚಿತ್ರದಲ್ಲಿರುವವರು ಯಾರೆಂದು ಕೇಳಿದರೆ ಅಜ್ಜನೆಂದೋ ಅಜ್ಜನ ತಮ್ಮನೆಂದೋ ಉತ್ತರ ಬರುತ್ತದೆ. ಯಾವ ದಳದಲ್ಲಿದ್ದರು, ಎಲ್ಲಿ ಕಾದಿದರು, ಚಿತ್ರ ತೆಗೆಸಿದ್ದು ಯಾವ ವರ್ಷ ಎಂದು ಮುಂದುವರಿದರೆ ಮನೆಯವರು ಮೌನ ವಹಿಸುತ್ತಾರೆ. ಚಿತ್ರ ಮಾತ್ರ ಮೌನವಾಗಿರುವುದಿಲ್ಲ. ಭುಜಪಟ್ಟಿಯ ಮೇಲಿನ ನಕ್ಷತ್ರ, ತೋಳಿನ ಮೇಲೆ ಹೊಲಿದ ಬಟ್ಟೆಯ ಬಿಲ್ಲೆ, ಟೋಪಿಯ ಲೋಹದ ಲಾಂಛನ, ಎದೆಯ ಮೇಲಿನ ಪದಕದ ಪಟ್ಟಿ, ಇವೆಲ್ಲ ಒಂದು ಬಗೆಯ ಲಿಪಿ. ತೇದಿಯಿಲ್ಲದ ಶಾಸನದ ಕಾಲವನ್ನು ನಾವು ಅಕ್ಷರದ ತಲೆಕಟ್ಟು ನೋಡಿ ಊಹಿಸುವುದಿಲ್ಲವೆ? ಅದೇ ರೀತಿ ಇದನ್ನೂ ಓದಬಹುದು. ನಾನು ಸೈನಿಕನಲ್ಲ, ಕನ್ನಡ ಕಲಿಸುವವನು. ಆದರೆ ಲಿಪಿ ಎಂದ ಮೇಲೆ ನನಗೂ ಅದರಲ್ಲಿ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಅಪರಿಚಿತ ಲಿಪಿಯನ್ನು ಕಲಿಯಲು ಮೊದಲು ಬೇಕಾದದ್ದು ಅರ್ಥ ತಿಳಿದಿರುವ ಒಂದು ಪಾಠ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನ ನಮಗೆ ಅಂತಹ ಪಾಠವಾಗಬಲ್ಲದು. ಅವರು ಎಲ್ಲಿದ್ದರು, ಯಾವ ಪದವಿಯಲ್ಲಿದ್ದರು ಎಂಬುದು ಬಹುಮಟ್ಟಿಗೆ ತಿಳಿದ ಸಂಗತಿ. ಆದ್ದರಿಂದ ಅವರ ಭುಜದ ಗುರುತುಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಹೆಸರಿಲ್ಲದ ಅನೇಕರ ಚಿತ್ರಗಳನ್ನು ಓದುವ ಕೀಲಿಕೈ ದೊರಕುತ್ತದೆ.

ತಿಮ್ಮಯ್ಯನವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ, ಕಾಫಿ ತೋಟದ ಮನೆತನದಲ್ಲಿ. ಕೂನೂರು, ಬೆಂಗಳೂರುಗಳ ಶಾಲೆಗಳಲ್ಲಿ ಓದಿ, ಡೆಹರಾಡೂನಿನ ಸೈನಿಕ ವಿದ್ಯಾಶಾಲೆಯ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋದರು. 1926ರ ಫೆಬ್ರವರಿಯಲ್ಲಿ ಅಧಿಕಾರಿಯಾದರು. ಆಗ ಎರಡು ಭುಜಗಳ ಮೇಲೂ ಒಂದೊಂದೇ ನಕ್ಷತ್ರ. ಈ ನಕ್ಷತ್ರದ ಆಕಾರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದು ಇಂದು ನಾವು ಕಾಣುವ ಐದು ಮೂಲೆಯ ನಕ್ಷತ್ರವಲ್ಲ. ಬ್ರಿಟನ್ನಿನ ಬಾತ್ ಎಂಬ ರಾಜಗೌರವದ ಪದಕದಿಂದ ಬಂದ, ನಾಲ್ಕು ಕಡೆ ಚಾಚಿದ, ನಡುವೆ ಸಣ್ಣ ಕಿರೀಟಗಳ ಕೆತ್ತನೆಯುಳ್ಳ ನಕ್ಷತ್ರ ಅದು.

ಆ ಕಾಲದ ಪದ್ಧತಿಯಂತೆ ಕೆಲಕಾಲ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ದಳದ ಜೊತೆಗಿದ್ದು, ಬಳಿಕ ಅವರು 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ನನ್ನು ಸೇರಿದರು. ಹೆಸರನ್ನು ನಂಬಿ ಇದು ದಕ್ಷಿಣದವರ ದಳವೆಂದು ತಿಳಿದರೆ ಮೋಸ ಹೋಗುತ್ತೇವೆ. ನಿಜಾಮನ ರಾಜ್ಯದಲ್ಲಿ ಹುಟ್ಟಿದ ಪಡೆಯಿಂದ ಆ ಹೆಸರು ಬಂದಿತ್ತು. ಆದರೆ ಕಾಲಕ್ರಮದಲ್ಲಿ ಅದರ ಸಿಪಾಯಿಗಳು ಹೆಚ್ಚಾಗಿ ಉತ್ತರದ ಕುಮಾವೂನಿಗಳು, ಜಾಟರು, ಅಹೀರರು. 1945ರ ಅಕ್ಟೋಬರಿನಲ್ಲಿ ಹೆಸರನ್ನೇ ಕುಮಾವೂನ್ ರೆಜಿಮೆಂಟ್ ಎಂದು ಬದಲಾಯಿಸಿದರು. ಹಾಗಾಗಿ ಭುಜದ ಹಿತ್ತಾಳೆ ಅಕ್ಷರಗಳಲ್ಲಿ ಕುಮಾವೂನ್ ರೆಜಿಮೆಂಟಿನ ಹೆಸರಿದ್ದರೆ ಆ ಚಿತ್ರ ಅದಕ್ಕಿಂತ ಹಿಂದಿನದಲ್ಲ. ಈ ದಳದ ಲಾಂಛನವೂ ವಿಚಿತ್ರವಾದದ್ದೇ: ಶಿಲುಬೆಯನ್ನು ಹಿಡಿದು ಮೇಲೆದ್ದ ಅರ್ಧ ಸಿಂಹ. ಹಿಮಾಲಯದ ಹಿಂದೂ ಸಿಪಾಯಿಯ ಟೋಪಿಗೆ ಶಿಲುಬೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೈದರಾಬಾದಿನ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್ ತನ್ನ ಹೆಸರಿನ ಪಡೆಯೊಂದನ್ನು ಕಟ್ಟಿದ. ಅವನ ಮನೆತನದ ಮುದ್ರೆ ಹೀಗೆ ಉಳಿದುಬಂತು. ಧರಿಸಿದವನ ಮತವನ್ನಾಗಲಿ ಊರನ್ನಾಗಲಿ ಲಾಂಛನ ಹೇಳುವುದಿಲ್ಲ. ದಳದ ಅಜ್ಜನ ಹೆಸರನ್ನು ಮಾತ್ರ ಹೇಳುತ್ತದೆ.

ಆ ವರ್ಷಗಳಲ್ಲಿ ಭಾರತೀಯನಾಗಿ ಆ ಸಮವಸ್ತ್ರವನ್ನು ಧರಿಸುವುದು ಸುಲಭವಾಗಿರಲಿಲ್ಲ. ಅಲಹಾಬಾದಿನಲ್ಲಿದ್ದಾಗ ಮೋತಿಲಾಲ ನೆಹರೂ ಅವರು ಈ ಬ್ರಿಟಿಷ್ ಉಡುಪು ಹೇಗನ್ನಿಸುತ್ತದೆಂದು ಕೇಳಿದರೆಂದೂ, ತರುಣ ತಿಮ್ಮಯ್ಯ ಬಹಳ ಸೆಖೆಯಾಗುತ್ತದೆಂದು ಉತ್ತರವಿತ್ತರೆಂದೂ ಪ್ರಸಿದ್ಧವಾದ ಒಂದು ಕಥೆಯಿದೆ. ನಗೆಯ ಉತ್ತರವೆಂದು ಎಲ್ಲರೂ ಇದನ್ನು ಹೇಳುತ್ತಾರೆ. ಅದರಲ್ಲಿ ನಗೆಗಿಂತ ಸೆಖೆಯೇ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ಸೇನೆಯನ್ನು ಬಿಡುವ ಯೋಚನೆ ಅವರಿಗೂ ಅವರ ಓರಗೆಯವರಿಗೂ ಬಂದಿತ್ತು. ನಾಳಿನ ಸ್ವತಂತ್ರ ಭಾರತಕ್ಕೆ ಸೇನಾನಿಗಳು ಬೇಕಾಗುತ್ತಾರೆಂಬ ಹಿರಿಯರ ಮಾತಿಗೆ ಮಣಿದು ಉಳಿದರು. 1935ರಲ್ಲಿ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ದಂಪತಿಗಳಿಬ್ಬರೂ ಅಲ್ಲಿ ದುಡಿದರು. ಆ ಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಬಂದದ್ದು ನೀನಾ ಅವರಿಗೆ.

ಎರಡನೆಯ ಮಹಾಯುದ್ಧ ಆರಂಭವಾದಾಗ 4ನೆಯ ಬೆಟಾಲಿಯನ್ನು ಸಿಂಗಪುರದ ಕಡೆಗಿತ್ತು. ತಿಮ್ಮಯ್ಯನವರು ಜಪಾನಿನ ದಾಳಿಗೆ ಮೊದಲೇ ಭಾರತಕ್ಕೆ ವರ್ಗವಾಗಿ ಬಂದರು. 1942ರ ಜನವರಿಯಲ್ಲಿ ಮಲಯದ ಸ್ಲಿಮ್ ನದಿಯ ಬಳಿ ಆ ಬೆಟಾಲಿಯನ್ನು ಧ್ವಂಸವಾಯಿತು. ಮುಂದಿನ ತಿಂಗಳು ಸಿಂಗಪುರ ಬಿದ್ದಾಗ ಅಳಿದುಳಿದವರು ಸೆರೆಯಾದರು. ಒಂದು ವರ್ಗಾವಣೆಯ ಕಾಗದ ಬರುವುದು ತಡವಾಗಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಇಲ್ಲಿಂದ ತೋಳಿನ ಬಿಲ್ಲೆಗಳ ಕಾಲ ಮೊದಲಾಗುತ್ತದೆ. ಲಕ್ಷಾಂತರ ಜನರ ಸೇನೆಯಲ್ಲಿ ಯಾರು ಯಾವ ಡಿವಿಷನ್ನಿನವರೆಂದು ತಿಳಿಯಲು ಅಕ್ಷರವಿಲ್ಲದ ಚಿತ್ರಗಳನ್ನು ತೋಳಿಗೆ ಹೊಲಿದುಕೊಂಡರು. ಅಕ್ಷರವಿದ್ದರೆ ಶತ್ರುವೂ ಓದುತ್ತಾನಲ್ಲ! 4ನೆಯ ಭಾರತೀಯ ಡಿವಿಷನ್ನಿಗೆ ಕೆಂಪು ಗರುಡ, 5ನೆಯದಕ್ಕೆ ಕಪ್ಪು ನೆಲದ ಮೇಲೆ ಕೆಂಪು ಬೆಂಕಿಯುಂಡೆ, 7ನೆಯದಕ್ಕೆ ಚಿನ್ನದ ಬಾಣ, 17ನೆಯದಕ್ಕೆ ಕರಿಬೆಕ್ಕು, 19ನೆಯದಕ್ಕೆ ಕಠಾರಿ, 23ನೆಯದಕ್ಕೆ ಕಾಳಗದ ಹುಂಜ. ಬರ್ಮಾದಲ್ಲಿ ಕಾದಿದ 14ನೆಯ ಸೇನೆಯದು ಕೆಂಪು ಕಪ್ಪು ಗುರಾಣಿಯ ಮೇಲೆ ಕೆಳಮುಖವಾದ ಕತ್ತಿ. ಲಾಂಛನಶಾಸ್ತ್ರದ ರೂಢಿಗೆ ಕತ್ತಿಯ ಮೊನೆ ಮೇಲಕ್ಕಿರಬೇಕು. ಆದರೆ ಈ ಸೇನೆ ಉತ್ತರದಿಂದ ಕೆಳಗಿಳಿದು ಬರ್ಮಾವನ್ನು ಗೆಲ್ಲಬೇಕಾಗಿತ್ತು. ಅದರ ನಾಯಕ ಸ್ಲಿಮ್ ತಾನೇ ಅದನ್ನು ರೂಪಿಸಿದ.

ಛಾಯಾಚಿತ್ರದಲ್ಲಿ ಇವನ್ನು ಗುರುತಿಸುವುದು ಪಟ್ಟಿ ನೋಡಿ ಹೇಳಿದಷ್ಟು ಸುಲಭವಲ್ಲ. ಬಣ್ಣ ಮೊದಲೇ ಇಲ್ಲ. ಮೇಲಾಗಿ ಹಳೆಯ ಬಗೆಯ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಾಗಿಯೂ ಮೂಡುತ್ತದೆ. ಅಂತಹ ಫಿಲ್ಮಿನಲ್ಲಿ ಕಪ್ಪು ನೆಲದ ಕೆಂಪುಂಡೆ ಬರಿಯ ಕಪ್ಪು ತುಂಡಾಗಿ ಉಳಿಯಬಹುದು. ಕೆಲವೆಡೆ ಯುದ್ಧಕಾಲದ ತಪಾಸಣೆಯವರು ಬಿಲ್ಲೆಯನ್ನೇ ಕೆರೆದು ಅಳಿಸಿರುತ್ತಾರೆ. ಅಳಿಸಿದ ಗುರುತು ಕೂಡ ಒಂದು ಸಾಕ್ಷ್ಯವೇ: ಚಿತ್ರ ಯುದ್ಧಕಾಲದ್ದೆಂದು ಅದು ಸಾರುತ್ತದೆ. ಇನ್ನು, ಪದಕದ ಪಟ್ಟಿಗಳು ಎಡ ಎದೆಯಲ್ಲಿರಬೇಕು. ಬಲಕ್ಕೆ ಕಂಡರೆ ಮುದ್ರಿಸಿದವರು ಫಿಲ್ಮನ್ನು ಮಗುಚಿ ಹಾಕಿದ್ದಾರೆಂದು ಮೊದಲು ಶಂಕಿಸಬೇಕು. ನಮ್ಮ ಪುಸ್ತಕಗಳಲ್ಲಿ ಈ ಮಗುಚಾಟ ಕಡಿಮೆಯೇನಿಲ್ಲ.

ತಿಮ್ಮಯ್ಯನವರು ಅದೇ ರೆಜಿಮೆಂಟಿನ 8ನೆಯ ಬೆಟಾಲಿಯನ್ನಿನ ನಾಯಕರಾಗಿ ಅರಕಾನಿನಲ್ಲಿ ಕಾದಿದರು. ಭುಜದ ಮೇಲೆ ಒಂದು ಕಿರೀಟ, ಒಂದು ನಕ್ಷತ್ರ. ಅದು ಲೆಫ್ಟಿನೆಂಟ್ ಕರ್ನಲನ ಗುರುತು. ಅವರ ದಳ ಸೇರಿದ್ದ 25ನೆಯ ಡಿವಿಷನ್ನಿನ ಬಿಲ್ಲೆ ಇಸ್ಪೀಟು ಎಕ್ಕ. ಅದರ 51ನೆಯ ಬ್ರಿಗೇಡಿನಲ್ಲಿ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಟ್, ಎಲ್. ಪಿ. ಸೇನ್. 1945ರ ಆರಂಭದಲ್ಲಿ ಕಂಗಾವಿನ ಘೋರ ಕಾಳಗದಲ್ಲಿ ಈ ಬ್ರಿಗೇಡು ತನ್ನ ಬೆಲೆಯನ್ನು ತೋರಿಸಿತು. ಮೂವರಿಗೂ ಡಿ.ಎಸ್.ಒ. ಪದಕ ದೊರೆಯಿತು. ಅಂಚಿನಲ್ಲಿ ನೀಲಿ ಗೆರೆಯಿರುವ ಕೆಂಪು ಪಟ್ಟಿ ಅದು. ಭಾರತೀಯರು ಯುದ್ಧಭೂಮಿಯಲ್ಲಿ ನಾಯಕತ್ವ ವಹಿಸಬಲ್ಲರೆ ಎಂಬ ಆಂಗ್ಲರ ಹಳೆಯ ಸಂಶಯ ಈ ಮೂರು ಪಟ್ಟಿಗಳ ಮುಂದೆ ನಿಲ್ಲಲಾರದಾಯಿತು.

ಆ ವರ್ಷವೇ ಅವರು ಬ್ರಿಗೇಡಿಯರರಾದರು. ಕಿರೀಟದ ಜೊತೆಗೆ ಮೂರು ನಕ್ಷತ್ರ. ಮಹಾಯುದ್ಧದ ರಣರಂಗದಲ್ಲಿ ಕಾಲಾಳು ಬ್ರಿಗೇಡಿನ ನಾಯಕತ್ವ ಪಡೆದ ಏಕೈಕ ಭಾರತೀಯ ಅವರು. ಅವರಿಗೆ ದೊರೆತ 36ನೆಯ ಬ್ರಿಗೇಡು 26ನೆಯ ಡಿವಿಷನ್ನಿಗೆ ಸೇರಿದ್ದು. ಅದರ ಬಿಲ್ಲೆ ತ್ರಿಕೋನವನ್ನು ಹಾಯ್ದು ಹೊರಬರುವ ಹುಲಿ. ಈ ಹುಲಿಯ ಬಳಿ ಸ್ವಲ್ಪ ನಿಲ್ಲಬೇಕು. ಅದೇ ಯುದ್ಧದಲ್ಲಿ ಇನ್ನೊಂದು ಭಾರತೀಯ ಹುಲಿಯೂ ಇತ್ತು. ಸುಭಾಷಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ದಳದವರ ತೋಳಿನ ಮೇಲೆ ತ್ರಿವರ್ಣದ ನಡುವೆ ನೆಗೆಯುವ ಹುಲಿ. ಆಗ್ನೇಯ ಏಷ್ಯದಲ್ಲಿ ಅವರದೇ ನಾಯಕತ್ವದ ಆಜಾದ್ ಹಿಂದ್ ಫೌಜಿನವರು ಬಹುಪಾಲು ಹಿಂದಿನ ಖಾಕಿಯನ್ನೇ ತೊಟ್ಟು, ಹಳೆಯ ಲಾಂಛನಗಳನ್ನು ಕಿತ್ತು ಹೊಸವನ್ನು ಧರಿಸಿದರು. 1945ರ ಮೇ ತಿಂಗಳಲ್ಲಿ 26ನೆಯ ಡಿವಿಷನ್ನು ರಂಗೂನನ್ನು ಹೊಕ್ಕಾಗ, ನಗರದ ಶಾಂತಿ ಕಾಯಲೆಂದು ನಿಂತಿದ್ದ ಸಾವಿರಾರು ಫೌಜಿನವರು ಅದಕ್ಕೆ ಶರಣಾದರು. ಒಂದೇ ಖಾಕಿ, ಒಂದೇ ನಾಡು. ಯಾರು ಯಾವ ಕಡೆಯವರೆಂದು ಹೇಳಲು ಅಂಗೈಯಗಲದ ಬಟ್ಟೆಯೊಂದೇ ಇತ್ತು.

ತಿಮ್ಮಯ್ಯನವರ ಸ್ವಂತ ಅಣ್ಣ ಪೊನ್ನಪ್ಪನವರು ಈ ಫೌಜನ್ನು ಸೇರಿದ್ದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ದೊರೆಯ ಕಿರೀಟವನ್ನು ಭುಜದ ಮೇಲೆ ಹೊತ್ತರು, ಒಬ್ಬರು ಅದನ್ನು ಕಿತ್ತೊಗೆದರು. ಇಬ್ಬರ ಕಣ್ಣೂ ಭಾರತದ ಸ್ವಾತಂತ್ರ್ಯದ ಮೇಲೆಯೇ ಇತ್ತು. ಗುರುತುಗಳನ್ನು ಓದುವ ನಾವು ಇಲ್ಲಿ ಎಚ್ಚರ ತಪ್ಪಬಾರದು. ಕಿರೀಟದ ಗುರುತಿರುವ ಚಿತ್ರವನ್ನು ಕಂಡು ಇವರು ಪರಕೀಯರ ಬಂಟರೆಂದು ಮೂದಲಿಸುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಫೌಜಿನವರು ಮಾತುತಪ್ಪಿದವರೆಂದು ಗೊಣಗುವ ಹಿರಿಯ ಸೈನಿಕರನ್ನೂ ಕಂಡಿದ್ದೇನೆ. ಈ ಇಬ್ಬರನ್ನೂ ಆ ಮಡಿಕೇರಿಯ ಮನೆಯ ಅಂಗಳದಲ್ಲಿ ಒಂದು ಗಳಿಗೆ ನಿಲ್ಲಿಸಬೇಕೆಂದು ನನಗೆ ಅನ್ನಿಸುತ್ತದೆ.

1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತೀಯ ಸೇನೆಯ ಪ್ರತಿನಿಧಿಯಾಗಿ ತಿಮ್ಮಯ್ಯನವರಿದ್ದರು. ಮುಂದೆ 268ನೆಯ ಬ್ರಿಗೇಡಿನೊಡನೆ ಜಪಾನಿಗೂ ಹೋಗಿಬಂದರು. 1947ರ ಸೆಪ್ಟೆಂಬರಿನಲ್ಲಿ ಮೇಜರ್ ಜನರಲರಾಗಿ ಕೆಂಪು ಗರುಡದ 4ನೆಯ ಡಿವಿಷನ್ನನ್ನು ವಹಿಸಿಕೊಂಡು, ದೇಶವಿಭಜನೆಯ ರಕ್ತದಲ್ಲಿ ತೊಯ್ದ ಪಂಜಾಬಿನಲ್ಲಿ ಕೆಲಸ ಮಾಡಿದರು. 1948ರಲ್ಲಿ ಕಾಶ್ಮೀರ. ಜಮ್ಮುವಿನಿಂದ ಶ್ರೀನಗರಕ್ಕೆ ಟ್ಯಾಂಕುಗಳನ್ನು ಮೇಲಿನ ತೋಪಿನ ಗೋಪುರ ಕಳಚಿ, ಮುಸುಕು ಹೊದಿಸಿ, ಗುಟ್ಟಾಗಿ ಸಾಗಿಸಿದರು. ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಯಲ್ಲಿ 7ನೆಯ ಅಶ್ವದಳದ ಆ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿ ದಿಗ್ಭ್ರಾಂತನಾದ. ಲಡಾಖಿನ ದಾರಿ ತೆರೆಯಿತು.

ಈ ಕಾಲದ ಚಿತ್ರಗಳೇ ಹೆಚ್ಚು ಗೊಂದಲ ಹುಟ್ಟಿಸುವುವು. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಅಧಿಕಾರಿಗಳ ಭುಜದ ಗುರುತು ಒಡನೆಯೇ ಬದಲಾಗಲಿಲ್ಲ. 1950ರ ಜನವರಿಯಲ್ಲಿ ಗಣರಾಜ್ಯವಾದ ಮೇಲೆ ಕಿರೀಟದ ಸ್ಥಾನಕ್ಕೆ ಅಶೋಕನ ಸಿಂಹಗಳೂ, ಬಾತ್ ನಕ್ಷತ್ರದ ಸ್ಥಾನಕ್ಕೆ ಐದು ಮೂಲೆಯ ನಕ್ಷತ್ರವೂ ಬಂದವು. ಆದ್ದರಿಂದ ಕಿರೀಟ ಕಂಡೊಡನೆ ಬ್ರಿಟಿಷರ ಕಾಲವೆಂದು ಬರೆಯುವುದು ತಪ್ಪು. ಜೋಜಿಲಾ ಗೆದ್ದ ಭಾರತೀಯ ಸೇನೆಯಲ್ಲೂ ಕಿರೀಟವಿತ್ತು. ಇನ್ನೊಂದು ಸೂಕ್ಷ್ಮವೂ ಉಂಟು. ಮೇಜರ್ ಜನರಲನ ಗುರುತಿನಲ್ಲಿ ಕಿರೀಟವೇ ಇಲ್ಲ: ಅಡ್ಡಹಾಯ್ದ ಕತ್ತಿ ಮತ್ತು ದಂಡ, ಮೇಲೊಂದು ನಕ್ಷತ್ರ. ಹಾಗಾಗಿ ಆ ಪದವಿಯವರ ಚಿತ್ರದಲ್ಲಿ ಕಾಲವನ್ನು ಹೇಳುವುದು ನಕ್ಷತ್ರದ ಮೂಲೆಗಳು ಮಾತ್ರ, ಭೂತಗನ್ನಡಿ ಹಿಡಿಯಲೇಬೇಕು. ಕಾಶ್ಮೀರದಲ್ಲಿ ಅವರು ನಡೆಸಿದ ಪಡೆ ಮುಂದೆ 19ನೆಯ ಡಿವಿಷನ್ನೆಂದು ಹೆಸರಾಯಿತು. ಅದೂ ಹಳೆಯ ಕಠಾರಿಯ ಗುರುತನ್ನೇ ಪಡೆಯಿತು. ಕಠಾರಿ ಕಂಡ ಮಾತ್ರಕ್ಕೆ ಬರ್ಮಾ ಎಂದೂ ಕಾಶ್ಮೀರ ಎಂದೂ ಹೇಳುವಂತಿಲ್ಲ. ಜೊತೆಯ ಗುರುತುಗಳನ್ನೂ ನೋಡಬೇಕು.

1953ರಲ್ಲಿ ಕೊರಿಯದ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲೊಪ್ಪದ ಸೆರೆಯಾಳುಗಳ ವಿಚಾರಣೆಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಕಾವಲು ಪಡೆಯ ನಾಯಕ ಕಂಗಾವಿನ ಹಳೆಯ ಗೆಳೆಯ ಥೋರಟ್. ಅವರ ವಶಕ್ಕೆ ಬಂದ ಸೆರೆಯಾಳುಗಳು ಒಂದು ಕಡೆಯಿಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು, ಇನ್ನೊಂದು ಕಡೆಯಿಂದ 359. ಚೀನೀ ಸೆರೆಯಾಳುಗಳಲ್ಲಿ ಅನೇಕರ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆಯಿತ್ತು. ಕೆಲವರು ತಾವಾಗಿ ಹಾಕಿಸಿಕೊಂಡದ್ದು, ಕೆಲವರಿಗೆ ಬಲವಂತದಿಂದ ಹಾಕಿದ್ದು. ಬಟ್ಟೆಯ ಬಿಲ್ಲೆಯನ್ನಾದರೆ ಬಿಚ್ಚಬಹುದು. ಚರ್ಮದ ಮೇಲೆ ಬರೆದದ್ದನ್ನು ಹೊತ್ತು ಊರಿಗೆ ಹೋಗುವುದು ಹೇಗೆ? ಹಿಂದಿರುಗುವೆಯಾ ಎಂಬ ಪ್ರಶ್ನೆಗೆ ಅಂಥವನು ಕೊಡುವ ಉತ್ತರ ಅವನದೋ, ಹಚ್ಚೆಯದೋ? ಈ ಸಂಕಟಕ್ಕೆ ತಿಮ್ಮಯ್ಯನವರು ಎರಡು ಪಕ್ಷಗಳ ಬೈಗುಳವನ್ನೂ ಕೇಳುತ್ತ ಸಾಕ್ಷಿಯಾದರು. 1954ರ ಜನವರಿಯಲ್ಲಿ ಉಳಿದವರನ್ನು ಹಿಂದಿನ ವಶಕ್ಕೇ ಒಪ್ಪಿಸಬೇಕಾಯಿತು. ಎರಡೂ ಕಡೆಯನ್ನು ಒಲ್ಲದ ಕೆಲವರು ನಮ್ಮ ಪಡೆಯೊಡನೆ ಹಡಗು ಹತ್ತಿ ಭಾರತಕ್ಕೆ ಬಂದರು.

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಕತ್ತಿ ದಂಡಗಳ ಮೇಲೆ ನಕ್ಷತ್ರ, ಅದರ ಮೇಲೆ ಸಿಂಹಲಾಂಛನ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಮನಸ್ತಾಪ, 1959ರ ರಾಜೀನಾಮೆ, ಪ್ರಧಾನಿಯ ಮಾತಿಗೆ ಒಪ್ಪಿ ಅದನ್ನು ಹಿಂತೆಗೆದುಕೊಂಡದ್ದು ಎಲ್ಲರೂ ಬಲ್ಲ ಕಥೆ. 1961ರಲ್ಲಿ ನಿವೃತ್ತರಾಗಿ ಕೊಡಗಿಗೆ ಮರಳಿದರು. ಆದರೆ 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದಾಗ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವಕ್ಕೆ ಕರೆ ಬಂತು. ಅಲ್ಲಿಯ ಗುರುತು ಯಾವ ದೊರೆಯದೂ ಅಲ್ಲ, ಯಾವ ಒಂದು ದೇಶದ್ದೂ ಅಲ್ಲ: ತಿಳಿನೀಲಿಯ ಮೇಲೆ ಆಲಿವ್ ಎಲೆಗಳ ನಡುವಿನ ಭೂಮಂಡಲ. 1965ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಅವರು ಅಲ್ಲಿಯೇ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದರು. ಮಡಿಕೇರಿಯ ಸನ್ನಿಸೈಡ್ ಮನೆ 2021ರಿಂದ ಅವರ ವಸ್ತುಸಂಗ್ರಹಾಲಯವಾಗಿದೆ. ಸೈಪ್ರಸ್ ಸರಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಕಾ ಪಟ್ಟಣದ ಒಂದು ಹೆದ್ದಾರಿಗೆ ಜನರಲ್ ತಿಮ್ಮಯ್ಯನವರ ಹೆಸರಿದೆ, ಗ್ರೀಕರ ನಾಲಗೆಗೆ ಒಗ್ಗುವಂತೆ ಸ್ವಲ್ಪ ಮಾರ್ಪಟ್ಟು.