ಎರಡು ವರ್ಷ ಪ್ಲೇಸ್‌ಮೆಂಟ್ ಆಗದ ಹುಡುಗ

ಏಳನೇ ಸೆಮಿಸ್ಟರ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್ಲಿನ ಚಿತ್ರವೇ ಬದಲಾಗುತ್ತೆ. ಇಸ್ತ್ರಿ ಪೆಟ್ಟಿಗೆಗೆ ಕ್ಯೂ. ಒಂದೇ ಫಾರ್ಮಲ್ ಶರ್ಟು ನಾಲ್ಕು ಜನರ ಮೈಮೇಲೆ ನಾಲ್ಕು ಇಂಟರ್‌ವ್ಯೂ ಮುಗಿಸುತ್ತೆ. ಕನ್ನಡಿ ಮುಂದೆ ನಿಂತು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳೋ ಅಭ್ಯಾಸ ನಡೆಯುತ್ತೆ. ನಾಲ್ಕು ವರ್ಷ ತೆಗೆಯದ ಪುಸ್ತಕಗಳೆಲ್ಲ ಆ ಒಂದೇ ವಾರದಲ್ಲಿ ಹೊರಗೆ ಬರುತ್ತವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹಿರಿಯರು ಹೇಳಿದ್ದು ನಮ್ಮನ್ನು ನೋಡಿಯೇ ಇರಬೇಕು. ಸಂಜೆ ಪಟ್ಟಿ ಹಾಕ್ತಾರೆ. ಹೆಸರಿದ್ದವರು ಪಾರ್ಟಿ ಕೊಡ್ತಾರೆ. ಇಲ್ಲದವರು ಮನೆಗೆ ಫೋನ್ ಮಾಡಿ ಏನು ಹೇಳೋದು ಅಂತ ಯೋಚಿಸ್ತಾ ಟೆರೇಸಿಗೆ ಹೋಗ್ತಾರೆ.

ಟೆರೇಸಿಗೆ ಹೋಗುವ ಗೆಳೆಯ ಗೆಳತಿಯರಿಗಾಗಿ ಈ ಸಲ ಒಂದು ಜೀವನಕಥೆ ಆರಿಸಿಕೊಂಡಿದ್ದೇವೆ. ಕಥಾನಾಯಕ ನಿಮಗೆಲ್ಲ ಗೊತ್ತಿರುವವನೇ: ಆಲ್ಬರ್ಟ್ ಐನ್‌ಸ್ಟೀನ್. ಕೆದರಿದ ಬಿಳಿ ಕೂದಲಿನ ಆ ಮುದುಕನನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಾವು ಹೇಳ ಹೊರಟಿರುವುದು ಇಪ್ಪತ್ತೊಂದು ವರ್ಷದ, ಕೈಯಲ್ಲಿ ಡಿಗ್ರಿ ಇದ್ದು ಕೆಲಸ ಇಲ್ಲದ ಒಬ್ಬ ಹುಡುಗನ ಕಥೆ. ನಮ್ಮದೇ ಬ್ಯಾಚಿನವನಂತೆ ಕಾಣಲಿ ಅಂತ ಏಕವಚನದಲ್ಲೇ ಬರೆದಿದ್ದೇವೆ, ಗೌರವ ಕಮ್ಮಿಯಾಯ್ತು ಅಂದ್ಕೋಬೇಡಿ.

1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಹುಟ್ಟಿದ. ಬೆಳೆದದ್ದು ಮ್ಯೂನಿಕ್‌ನಲ್ಲಿ. ಅಪ್ಪ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಸೇರಿ ಅಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದರು. ಚಿಕ್ಕಪ್ಪ ಎಂಜಿನಿಯರ್. ಅಂದರೆ ಡೈನಮೋ, ತಂತಿ, ಮೀಟರುಗಳ ನಡುವೆ ಓಡಾಡಿ ಬೆಳೆದ ಹುಡುಗ. ಕಾರ್ಖಾನೆ ನಷ್ಟಕ್ಕೆ ಬಿದ್ದು ಮನೆಯವರು ಇಟಲಿಗೆ ಹೋದರು, ಅಲ್ಲಿಯೂ ವ್ಯಾಪಾರ ಕೈಹಿಡಿಯಲಿಲ್ಲ.

1895ರಲ್ಲಿ, ಇನ್ನೂ ಹದಿನಾರು ವರ್ಷವಿರುವಾಗ, ಝೂರಿಕ್‌ನ ಪಾಲಿಟೆಕ್ನಿಕ್‌ಗೆ ಪ್ರವೇಶ ಪರೀಕ್ಷೆ ಬರೆದ. ಗಣಿತ, ವಿಜ್ಞಾನ ಚೆನ್ನಾಗಿಯೇ ಆಯಿತು, ಉಳಿದ ವಿಷಯಗಳು ಕೈಕೊಟ್ಟವು. ಒಂದು ವರ್ಷ ಆರಾವ್ ಎಂಬ ಊರಿನ ಶಾಲೆಯಲ್ಲಿ ಓದಿ 1896ರಲ್ಲಿ ಸೀಟು ಪಡೆದ. ಸೇರಿದ್ದು ಎಂಜಿನಿಯರಿಂಗ್‌ಗಲ್ಲ, ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರುಗಳನ್ನು ತಯಾರು ಮಾಡುವ ವಿಭಾಗಕ್ಕೆ.

ಕಾಲೇಜಿನಲ್ಲಿ ಅವನ ನಡತೆ ಹೇಗಿತ್ತು? ನಮ್ಮಲ್ಲಿ ಹಲವರ ಹಾಗೇ. ಇಷ್ಟವಾದ ಕ್ಲಾಸಿಗೆ ಹೋಗ್ತಿದ್ದ, ಇಲ್ಲದಿದ್ದರೆ ರೂಮಿನಲ್ಲಿ ಕೂತು ತನಗೆ ಬೇಕಾದ ಪುಸ್ತಕ ಓದುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ನ ನೋಟ್ಸೇ ಗತಿ. ಗ್ರಾಸ್‌ಮನ್ ಒಂದು ಕ್ಲಾಸನ್ನೂ ಬಿಡದೆ ಅಚ್ಚುಕಟ್ಟಾಗಿ ಬರೆದಿಡುವ ಹುಡುಗ. ಆ ನೋಟ್ಸ್ ಓದಿಯೇ 1898ರ ನಡುವಿನ ಪರೀಕ್ಷೆಯಲ್ಲಿ ಐನ್‌ಸ್ಟೀನ್ ಮೊದಲು ಬಂದ, ನೋಟ್ಸ್ ಕೊಟ್ಟವನು ಎರಡನೆಯವನಾದ!

ಆದರೆ ಲ್ಯಾಬಿಗೆ ನೋಟ್ಸ್ ಸಾಲಸಿಗಲ್ಲ. ಆರಂಭದ ಹಂತದ ಭೌತಶಾಸ್ತ್ರ ಪ್ರಯೋಗಗಳ ಕೋರ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಆರಕ್ಕೆ ಒಂದು, ಅಂದರೆ ಅತ್ಯಂತ ಕಡಿಮೆ ಅಂಕ. ಜೊತೆಗೆ ಶ್ರದ್ಧೆ ಇಲ್ಲ ಅಂತ ಅಧಿಕೃತ ಛೀಮಾರಿ. ಮೊದಮೊದಲು ಅವನನ್ನು ಮೆಚ್ಚಿದ್ದ ಪ್ರೊಫೆಸರ್ ವೇಬರ್ ಜೊತೆಗೂ ಸಂಬಂಧ ಕೆಟ್ಟಿತು.

1900ರ ಬೇಸಿಗೆಯಲ್ಲಿ ಕೊನೆಯ ಪರೀಕ್ಷೆ. ಅವನ ವಿಭಾಗದಲ್ಲಿ ಕೂತವರು ಐದು ಜನ, ಪಾಸಾದವರು ನಾಲ್ಕು. ಐನ್‌ಸ್ಟೀನ್‌ನ ಸರಾಸರಿ ಆರಕ್ಕೆ 4.91. ಸುಮ್ಮನೆ ಹತ್ತಕ್ಕೆ ಲೆಕ್ಕ ಹಾಕಿದರೆ ಸುಮಾರು 8.2, ನಮ್ಮಲ್ಲಾದರೆ ಬಹಳಷ್ಟು ಕಂಪನಿಗಳ ಕಟ್‌ಆಫ್ ದಾಟುವ ಅಂಕ. ಆದರೆ ಪಾಸಾದ ನಾಲ್ವರಲ್ಲಿ ಅದೇ ಕೊನೆಯದು. ಫೇಲಾದ ಐದನೆಯ ಅಭ್ಯರ್ಥಿ ಮಿಲೇವಾ ಮಾರಿಚ್, ಅವನು ಮದುವೆಯಾಗಬೇಕೆಂದಿದ್ದ ಹುಡುಗಿ.

ಆಗಿನ ಪದ್ಧತಿ ಅಂದರೆ ಪಾಸಾದವರನ್ನು ಪ್ರೊಫೆಸರುಗಳು ಸಹಾಯಕರಾಗಿ ಸೇರಿಸಿಕೊಳ್ಳುವುದು. ಉಳಿದ ಮೂವರಿಗೂ ಅಲ್ಲೇ ಕೆಲಸವಾಯಿತು. ಐನ್‌ಸ್ಟೀನ್‌ನನ್ನು ಯಾರೂ ಕರೆಯಲಿಲ್ಲ. ವೇಬರ್ ಅವರಿಗೂ ಸಹಾಯಕರು ಬೇಕಿದ್ದರು, ಆದರೆ ತಮ್ಮದೇ ವಿದ್ಯಾರ್ಥಿಯನ್ನು ಬಿಟ್ಟು ಇಬ್ಬರು ಮೆಕ್ಯಾನಿಕಲ್ ಎಂಜಿನಿಯರುಗಳನ್ನು ತೆಗೆದುಕೊಂಡರು. ಓದುವಾಗ ನೆಂಟರು ಕಳಿಸುತ್ತಿದ್ದ ತಿಂಗಳ ದುಡ್ಡು ಓದು ಮುಗಿದ ಕೂಡಲೇ ನಿಂತಿತು.

ಅಲ್ಲಿಂದ ಶುರುವಾಯಿತು ನೋಡಿ ಅರ್ಜಿಗಳ ಕಾಲ. 1901ರಲ್ಲಿ ಅವನ ಮೊದಲ ಸಂಶೋಧನಾ ಲೇಖನ ಪ್ರಕಟವಾಯಿತು, ದ್ರವಗಳ ಮೇಲ್ಮೈ ಗುಣಗಳ ಬಗ್ಗೆ. ಅದರ ಪ್ರತಿಯನ್ನೇ ರೆಸ್ಯೂಮೆ ಮಾಡಿಕೊಂಡು ಯುರೋಪಿನ ಪ್ರೊಫೆಸರುಗಳಿಗೆ ಪತ್ರ ಬರೆದ. ಹಾಲೆಂಡಿನ ಲೈಡನ್‌ನಲ್ಲಿದ್ದ ಕಾಮರ್ಲಿಂಗ್ ಓನ್ನೆಸ್ ಅವರಿಗೆ ಉತ್ತರದ ಕಾರ್ಡನ್ನೂ ಸೇರಿಸಿ, ಅದಕ್ಕೂ ತಾನೇ ಅಂಚೆವೆಚ್ಚ ಕಟ್ಟಿ ಕಳಿಸಿದ. ಆ ಉತ್ತರದ ಕಾರ್ಡು ವಾಪಸು ಬರಲೇ ಇಲ್ಲ. ಇಂದು ನಾವು ನೂರು ಮೇಲ್ ಕಳಿಸಿ ಇನ್‌ಬಾಕ್ಸ್ ನೋಡ್ತಾ ಕೂರುವುದಕ್ಕೂ ಇದಕ್ಕೂ ವ್ಯತ್ಯಾಸ ಅಂಚೆಚೀಟಿಯದ್ದಷ್ಟೇ.

ಲೈಪ್‌ಜಿಗ್‌ನ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್ ಅವರಿಗೂ ಬರೆದಿದ್ದ. ಉತ್ತರವಿಲ್ಲ. ಮತ್ತೊಮ್ಮೆ, ವಿಳಾಸ ಬರೆದಿದ್ದೆನೋ ಇಲ್ಲವೋ ಎಂಬ ನೆಪ ಹೂಡಿ, ಇನ್ನೊಂದು ಪತ್ರ ಹಾಕಿದ. ಆಗಲೂ ಇಲ್ಲ. ಆಗ ಮನೆಯಲ್ಲಿ ಒಂದು ಸಂಗತಿ ನಡೆಯಿತು. 1901ರ ಏಪ್ರಿಲ್ 13ರಂದು ಅಪ್ಪ ಹರ್ಮನ್, ಮಗನಿಗೆ ಹೇಳದೆ, ತಾನೇ ಓಸ್ಟ್‌ವಾಲ್ಡ್‌ಗೆ ಒಂದು ಪತ್ರ ಬರೆದರು. ಸಾಲದಲ್ಲಿ ಮುಳುಗಿದ್ದ ವ್ಯಾಪಾರಿ, ಪರಿಚಯವೇ ಇಲ್ಲದ ದೊಡ್ಡ ವಿಜ್ಞಾನಿಗೆ, ತನ್ನ ಮಗ ದಿನೇ ದಿನೇ ಕುಗ್ಗುತ್ತಿದ್ದಾನೆ, ಕೆಲಸ ಕೊಡಲಾಗದಿದ್ದರೂ ಲೇಖನ ಓದಿ ಎರಡು ಧೈರ್ಯದ ಮಾತು ಬರೆಯಿರಿ ಅಂತ ಬೇಡಿಕೊಂಡರು. ಅದಕ್ಕೂ ಉತ್ತರ ಬಂದಂತಿಲ್ಲ. ನಮಗೆ ಗೊತ್ತಿಲ್ಲದ ಹಾಗೆ ನಮ್ಮ ಅಪ್ಪಂದಿರು ಯಾರ್ಯಾರ ಹತ್ತಿರ ಏನೇನು ಕೇಳಿದ್ದಾರೋ ಅಂತ ಇದನ್ನು ಓದಿದಾಗ ನಮಗನಿಸಿತು.

ಕೆಲಸವಿಲ್ಲ ಅಂತ ಅವನು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1901ರ ಫೆಬ್ರುವರಿಯಲ್ಲಿ ಸ್ವಿಸ್ ಪೌರತ್ವ ಪಡೆದ. ಸರ್ಕಾರಿ ಕೆಲಸಕ್ಕೆ ಅದು ಬೇಕಿತ್ತು, ವಿದ್ಯಾರ್ಥಿಯಾಗಿದ್ದಾಗಲೇ ತಿಂಗಳ ದುಡ್ಡಿನಲ್ಲಿ ಒಂದಿಷ್ಟು ಉಳಿಸಿ ಅದರ ಶುಲ್ಕಕ್ಕೆ ಕೂಡಿಟ್ಟಿದ್ದ. ವಿಂಟರ್‌ತೂರ್ ಎಂಬ ಊರಿನ ತಾಂತ್ರಿಕ ಶಾಲೆಯಲ್ಲಿ ಒಬ್ಬ ಮೇಷ್ಟ್ರು ರಜೆ ಹಾಕಿದ್ದರಿಂದ ಎರಡು ತಿಂಗಳ ಬದಲಿ ಕೆಲಸ ಸಿಕ್ಕಿತು. ವಾರಕ್ಕೆ ಸುಮಾರು ಮೂವತ್ತು ಪಾಠ. ಅದರಲ್ಲಿ ಅವನಿಗೆ ಅಷ್ಟಕ್ಕಷ್ಟೇ ಆಗಿದ್ದ ವಿವರಣಾತ್ಮಕ ಜ್ಯಾಮಿತಿಯೂ ಸೇರಿತ್ತು, ಅಂದರೆ ನಮ್ಮ ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗಿನ ತಳಪಾಯ. ಆಮೇಲೆ ಷಾಫ್‌ಹೌಸನ್‌ನಲ್ಲಿ ಒಬ್ಬ ಹುಡುಗನಿಗೆ ಪರೀಕ್ಷೆಗೆ ಪಾಠ ಹೇಳುವ ಕೆಲಸ. ಅಲ್ಲಿ ಮಾಲೀಕನ ಜೊತೆ ಹೊಂದಿಕೆಯಾಗಲಿಲ್ಲ, ಕೆಲವೇ ತಿಂಗಳಲ್ಲಿ ಅದೂ ಮುಗಿಯಿತು.

ಅತ್ತ ಮಿಲೇವಾ ಗರ್ಭಿಣಿಯಾಗಿಯೇ ಎರಡನೇ ಸಲ ಪರೀಕ್ಷೆಗೆ ಕೂತು ಮತ್ತೆ ಫೇಲಾದಳು. 1902ರ ಜನವರಿ ಹೊತ್ತಿಗೆ ತವರಿನಲ್ಲಿ ಹೆಣ್ಣುಮಗುವಿಗೆ ಜನ್ಮಕೊಟ್ಟಳು. ಮದುವೆಯಾಗಲು ಅವನ ಮನೆಯವರ ಒಪ್ಪಿಗೆಯಿಲ್ಲ, ಸಂಸಾರ ಹೂಡಲು ದುಡ್ಡಿಲ್ಲ. ಒಂದು ನೌಕರಿಯ ಮೇಲೆ ಎಷ್ಟು ಜನರ ಬದುಕು ನಿಂತಿತ್ತು ನೋಡಿ.

ಇಲ್ಲಿ ಮತ್ತೆ ಬರುತ್ತಾನೆ ನೋಟ್ಸಿನ ಗೆಳೆಯ. ಐನ್‌ಸ್ಟೀನ್‌ನ ಪಾಡು ಗ್ರಾಸ್‌ಮನ್‌ಗೆ ಗೊತ್ತಾಗಿ ತನ್ನ ಅಪ್ಪನ ಹತ್ತಿರ ಮಾತಾಡಿದ. ಅಪ್ಪನಿಗೆ ಬರ್ನ್‌ನ ಸ್ವಿಸ್ ಪೇಟೆಂಟ್ ಕಚೇರಿಯ ನಿರ್ದೇಶಕ ಫ್ರೀಡ್ರಿಕ್ ಹಾಲರ್ ಪರಿಚಯ. ಕೆಲಸ ಖಾಲಿಯಾದರೆ ಈ ಹುಡುಗನನ್ನು ನೋಡಿ ಅಂತ ಶಿಫಾರಸು ಹೋಯಿತು. 1901ರ ಡಿಸೆಂಬರಿನಲ್ಲಿ ಜಾಹೀರಾತು ಬಂತು. ಮೆಕ್ಯಾನಿಕಲ್ ತಾಂತ್ರಿಕ ಶಿಕ್ಷಣದವರ ಜೊತೆಗೆ ಭೌತಶಾಸ್ತ್ರ ಓದಿದವರೂ ಆಗಬಹುದು ಎಂದಿತ್ತು. ಇದು ತನಗಾಗಿಯೇ ಸೇರಿಸಿದ ಮಾತು ಅಂತ ಅವನಿಗೆ ಅನಿಸಿತು. ಡಿಸೆಂಬರ್ 18ರಂದು ಅರ್ಜಿ ಹಾಕಿದ. ಫಲಿತಾಂಶ ಬರುವ ಮೊದಲೇ, 1902ರ ಫೆಬ್ರುವರಿಯಲ್ಲಿ, ಬರ್ನ್‌ಗೆ ಹೋಗಿ ಒಂದು ರೂಮು ಹಿಡಿದ. ಹೊಟ್ಟೆಪಾಡಿಗೆ ಗಣಿತ, ಭೌತಶಾಸ್ತ್ರದ ಮನೆಪಾಠ ಹೇಳ್ತೀನಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ.

ಇನ್ನು ಇಂಟರ್‌ವ್ಯೂ. ಶಿಫಾರಸು ಬಾಗಿಲವರೆಗೆ ಕರೆದುಕೊಂಡು ಹೋಗುತ್ತೆ, ಒಳಗೆ ಕೂತು ಉತ್ತರ ಕೊಡೋದು ನಾವೇ ಅಲ್ವಾ? ಹಾಲರ್ ಸ್ವತಃ ಎಂಜಿನಿಯರ್, ಶಿಸ್ತಿನ ಮನುಷ್ಯ. ಜೀವನಚರಿತ್ರೆಗಳಲ್ಲಿ ಬರುವಂತೆ ಸುಮಾರು ಎರಡು ತಾಸು ಹುಡುಗನನ್ನು ಕೂರಿಸಿಕೊಂಡು ಜಾಲಾಡಿದರು. ಹೊಸ ಪೇಟೆಂಟುಗಳ ಕಾಗದಗಳನ್ನು ಮುಂದಿಟ್ಟು ಅಲ್ಲೇ ಅಭಿಪ್ರಾಯ ಕೇಳಿದರು. ಹುಡುಗನಿಗೆ ತಾಂತ್ರಿಕ ತರಬೇತಿ ಇಲ್ಲ ಎಂಬುದು ಬೇಗನೆ ಬಯಲಾಯಿತು. ಯಂತ್ರಗಳ ಡ್ರಾಯಿಂಗ್ ಸರಿಯಾಗಿ ಓದಲು ಬರುತ್ತಿರಲಿಲ್ಲ. ಆದರೆ ಹೊಸ ವಿಷಯ ಮುಂದಿಟ್ಟಾಗ ಅದನ್ನು ಬಿಡಿಸಿ ನೋಡುವ ರೀತಿ, ವಿದ್ಯುತ್ ಮತ್ತು ಕಾಂತದ ಬಗೆಗಿನ ಹಿಡಿತ ಅವರಿಗೆ ಕಂಡಿತು. ತೆಗೆದುಕೊಂಡರು, ಆದರೆ ಇದ್ದ ದರ್ಜೆಗಳಲ್ಲಿ ಕೆಳಗಿನದಕ್ಕೆ. ಮೂರನೇ ದರ್ಜೆಯ ತಾಂತ್ರಿಕ ಪರಿಣತ, ತಾತ್ಕಾಲಿಕ ನೇಮಕ, ವರ್ಷಕ್ಕೆ 3500 ಫ್ರಾಂಕ್ ಸಂಬಳ.

1902ರ ಜೂನ್ 23ರಂದು ಕೆಲಸಕ್ಕೆ ಸೇರಿದ. ಡಿಗ್ರಿ ಮುಗಿದು ಹತ್ತಿರ ಹತ್ತಿರ ಎರಡು ವರ್ಷ. ಅಕ್ಟೋಬರ್ 10ರಂದು ಅಪ್ಪ ತೀರಿಕೊಂಡರು. ಮಗನಿಗೆ ಕೆಲಸ ಸಿಕ್ಕಿದ್ದನ್ನು ನೋಡಿಕೊಂಡು ಹೋದರು, ಅಷ್ಟೇ ಸಮಾಧಾನ. ಸಾಯುವ ಮುನ್ನ ಮದುವೆಗೂ ಒಪ್ಪಿಗೆ ಕೊಟ್ಟರು. 1903ರ ಜನವರಿಯಲ್ಲಿ ಮದುವೆಯಾಯಿತು.

ಕಚೇರಿಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ತಾಸು. ಬಂದ ಅರ್ಜಿಯಲ್ಲಿ ನಿಜವಾಗಿ ಹೊಸದೇನಿದೆ, ಹೇಳಿದ ಹಾಗೆ ಯಂತ್ರ ನಡೆಯುತ್ತದೆಯೇ, ಎಲ್ಲಿ ತಪ್ಪಿದೆ ಅಂತ ನೋಡಿ ಚುಟುಕಾಗಿ, ಸ್ಪಷ್ಟವಾಗಿ ಬರೆಯಬೇಕು. ಸಂಶೋಧಕ ಹೇಳಿದ್ದನ್ನೆಲ್ಲ ಮೊದಲು ಅನುಮಾನದಿಂದಲೇ ನೋಡಬೇಕೆಂಬುದು ಹಾಲರ್ ಕಲಿಸಿದ ಪಾಠ. ಇಂಟರ್‌ವ್ಯೂನಲ್ಲಿ ಬಾರದಿದ್ದ ಡ್ರಾಯಿಂಗ್ ಓದುವುದನ್ನು ಇಲ್ಲಿ ಕಲಿತ. 1904ರ ಸೆಪ್ಟೆಂಬರಿನಲ್ಲಿ ಕೆಲಸ ಕಾಯಂ ಆಗಿ ಸಂಬಳ 3900ಕ್ಕೆ ಏರಿತು. ಬಡ್ತಿ ಮಾತ್ರ ಸಿಗಲಿಲ್ಲ. ಇವನು ಓದಿದ್ದು ಭೌತಶಾಸ್ತ್ರ, ಯಂತ್ರವಿಜ್ಞಾನ ಪೂರ್ತಿ ಕೈವಶವಾಗುವ ತನಕ ಕಾಯಲಿ ಅಂತ ಹಾಲರ್ ಅಭಿಪ್ರಾಯಪಟ್ಟರು. ಅದೇ ವರ್ಷ ಅಲ್ಲಿ ಒಂದು ಜಾಗ ಖಾಲಿಯಾದಾಗ ಐನ್‌ಸ್ಟೀನ್ ತನ್ನ ಗೆಳೆಯ, ಮೆಕ್ಯಾನಿಕಲ್ ಎಂಜಿನಿಯರ್ ಮಿಕೇಲೆ ಬೆಸ್ಸೊಗೆ ಅರ್ಜಿ ಹಾಕಲು ಹೇಳಿದ. ಬೆಸ್ಸೊಗೆ ಕೆಲಸ ಸಿಕ್ಕಿತು, ಅದೂ ಇವನಿಗಿಂತ ಮೇಲಿನ ದರ್ಜೆಯಲ್ಲಿ! ಇಬ್ಬರೂ ಮನೆಗೆ ನಡೆದು ಹೋಗುವಾಗ ಭೌತಶಾಸ್ತ್ರ ಮಾತಾಡುತ್ತಿದ್ದರು.

ಬಡ್ತಿ ಸಿಗದ ಆ ಮೂರನೇ ದರ್ಜೆಯ ನೌಕರ 1905ರಲ್ಲಿ ಏನು ಮಾಡಿದ ಅಂತ ನಿಮಗೇ ಗೊತ್ತು. ಬೆಳಕಿನ ಕಣಗಳು, ಬ್ರೌನಿಯನ್ ಚಲನೆ, ವಿಶೇಷ ಸಾಪೇಕ್ಷತೆ, ದ್ರವ್ಯರಾಶಿ ಮತ್ತು ಶಕ್ತಿಯ ಸಂಬಂಧ, ನಾಲ್ಕೂ ಒಂದೇ ವರ್ಷದಲ್ಲಿ. ಸಾಪೇಕ್ಷತೆಯ ಲೇಖನದ ಕೊನೆಯಲ್ಲಿ ನೆರವಿಗಾಗಿ ನೆನೆದದ್ದು ಬೆಸ್ಸೊ ಒಬ್ಬನನ್ನೇ. ಎರಡನೇ ದರ್ಜೆಗೆ ಬಡ್ತಿ ಬಂದದ್ದು 1906ರಲ್ಲಿ. ಕಚೇರಿ ಬಿಟ್ಟು ಝೂರಿಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದದ್ದು 1909ರಲ್ಲಿ. ಪತ್ರಕ್ಕೆ ಉತ್ತರ ಕೊಡದಿದ್ದ ಅದೇ ಓಸ್ಟ್‌ವಾಲ್ಡ್ 1910ರ ನೊಬೆಲ್‌ಗೆ ಅವನ ಹೆಸರನ್ನು ಸೂಚಿಸಿದರು. ಬಹುಮಾನ ಬಂದದ್ದು 1921ರ ಸಾಲಿನದು. ಅಷ್ಟರಲ್ಲಿ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. 1955ರ ಏಪ್ರಿಲ್ 18ರಂದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೀನ್ ಕೊನೆಯುಸಿರೆಳೆದ.

ಹಾಗಂತ ಪ್ಲೇಸ್‌ಮೆಂಟ್ ಆಗದವರೆಲ್ಲ ಐನ್‌ಸ್ಟೀನ್ ಆಗ್ತಾರೆ ಅಂತ ನಾವು ಹೇಳ್ತಿಲ್ಲ. ಅದು ಸುಳ್ಳು ಸಮಾಧಾನ. ನಮಗೆ ಈ ಬದುಕಿನಲ್ಲಿ ಕಂಡದ್ದು ಬೇರೆ. ಇಂಟರ್‌ವ್ಯೂ ತಯಾರಿ ಹಿಂದಿನ ರಾತ್ರಿ ಶುರುವಾಗುವುದಲ್ಲ. ಲ್ಯಾಬಿನಲ್ಲಿ ತೋರಿದ ಅಸಡ್ಡೆ, ಮೇಷ್ಟ್ರ ಜೊತೆ ಕೆಡಿಸಿಕೊಂಡ ಸಂಬಂಧ ಅವನಂಥ ಅವನಿಗೂ ಎರಡು ವರ್ಷ ಮುಳುವಾಯಿತು. ಹಾಗೆಯೇ ಯಾರೂ ಕೇಳದಿದ್ದಾಗಲೂ ಬರೆದ ಆ ಲೇಖನ, ಕೂಡಿಟ್ಟ ಪೌರತ್ವದ ದುಡ್ಡು, ಚಿಕ್ಕಂದಿನಲ್ಲಿ ಕಾರ್ಖಾನೆಯಲ್ಲಿ ನೋಡಿದ ಡೈನಮೋ, ಎಲ್ಲವೂ ಹಾಲರ್ ಮುಂದೆ ಕೂತಾಗ ಒಂದಲ್ಲ ಒಂದು ಬಗೆಯಲ್ಲಿ ಕೈಹಿಡಿದವು. ಬಾರದ್ದು ಬಾರದು ಅಂತ ಗೊತ್ತಾದ ಮೇಲೂ, ಬರುವುದನ್ನು ಯೋಚಿಸಿ ಹೇಳುವವನಿಗೆ ಒಂದು ಕುರ್ಚಿ ಸಿಕ್ಕಿತು. ಬಾರದ್ದನ್ನು ಸೇರಿದ ಮೇಲೆ ಕಲಿತ.

ಇನ್ನೊಂದು ಮಾತು, ಪಾರ್ಟಿ ಕೊಡುವವರಿಗೆ. ಗ್ರಾಸ್‌ಮನ್‌ಗೆ ಕೆಲಸ ಮೊದಲೇ ಸಿಕ್ಕಿತ್ತು. ಆದರೂ ಟೆರೇಸಿನಲ್ಲಿ ಕೂತ ಗೆಳೆಯನನ್ನು ಮರೆಯಲಿಲ್ಲ. 1905ರಲ್ಲಿ ಐನ್‌ಸ್ಟೀನ್ ತನ್ನ ಪಿಎಚ್‌ಡಿ ಪ್ರಬಂಧ ಬರೆದಾಗ ಅದನ್ನು ಅರ್ಪಿಸಿದ್ದು ದೊಡ್ಡ ಪ್ರೊಫೆಸರಿಗಲ್ಲ, ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ಗೆ. ಮುಂದೆ ಸಾಮಾನ್ಯ ಸಾಪೇಕ್ಷತೆಗೆ ಹೊಸ ಗಣಿತ ಬೇಕಾದಾಗಲೂ ಅವನು ಬಾಗಿಲು ತಟ್ಟಿದ್ದು ಅದೇ ಗೆಳೆಯನ ಮನೆಯದ್ದು.

ಇವತ್ತು ಸಂಜೆ ಪಟ್ಟಿ ಹಾಕಿದ ಮೇಲೆ ಒಮ್ಮೆ ಟೆರೇಸಿಗೆ ಹೋಗಿ ಬನ್ನಿ. ನಿಮ್ಮ ನೋಟ್ಸನ್ನೂ ಜೊತೆಗೆ ತಗೊಂಡು ಹೋಗಿ.